ದ್ರೌಪದಿಯ ಪ್ರಶ್ನೆಯನ್ನು ಮಕ್ಕಳಿಂದ ಮುಚ್ಚಿಡಬೇಡಿ

ಮಕ್ಕಳಿಗೆ ನಾಲ್ಕು ಶ್ಲೋಕ ಬಾಯಿಪಾಠ ಮಾಡಿಸಿದರೆ ಸಂಸ್ಕಾರ ತಾನಾಗಿ ಬರುತ್ತದೆ ಎಂಬ ನಂಬಿಕೆ ಇಂದು ಪುಣೆಯ ವಸತಿ ಸಂಕೀರ್ಣಗಳಿಂದ ಹಿಡಿದು ಬೆಂಗಳೂರಿನ ವಿಧಾನಸೌಧದವರೆಗೆ ಹಬ್ಬಿದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದನ್ನು ನಮ್ಮ ಶಾಸ್ತ್ರಗ್ರಂಥಗಳು ಎಂದೋ ತೀರ್ಮಾನಿಸಿಬಿಟ್ಟಿವೆ, ಅದನ್ನು ಮುಂದಿನ ಪೀಳಿಗೆಗೆ ಮುಟ್ಟಿಸುವುದಷ್ಟೇ ನಮ್ಮ ಕೆಲಸ, ಮುಟ್ಟಿಸುವ ದಾರಿ ಕಂಠಪಾಠ: ಈ ನಂಬಿಕೆಯ ತಿರುಳು ಇಷ್ಟು. ಇದನ್ನು ಹೇಳುವವರು ಕೆಟ್ಟವರಲ್ಲ. ಮೊಬೈಲಿನಲ್ಲಿ ಮುಳುಗಿದ ಮಕ್ಕಳನ್ನೂ ಮೂಲೆಗುಂಪಾದ ಹಿರಿಯರನ್ನೂ ನೋಡಿ ಕಂಗೆಟ್ಟ ತಂದೆತಾಯಂದಿರು ಅವರು. ಅವರ ಕಳವಳ ನನ್ನದೂ ಹೌದು. ಆದರೆ ಅವರು ಹಿಡಿದಿರುವ ಮದ್ದು ತಪ್ಪು. ಅದು ಮಕ್ಕಳ ನಡತೆಯನ್ನು ತಿದ್ದುವುದಿಲ್ಲ. ಯಾವ ಗ್ರಂಥಗಳ ಹೆಸರಿನಲ್ಲಿ ಅದನ್ನು ಕೊಡುತ್ತಾರೋ ಆ ಗ್ರಂಥಗಳಿಗೂ ಅದು ಅನ್ಯಾಯ ಮಾಡುತ್ತದೆ.

2024ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಶಾಲಾ ಪಠ್ಯಕ್ರಮ ಚೌಕಟ್ಟಿನ ಕರಡನ್ನು ಜನರ ಮುಂದಿಟ್ಟಿತು. ಪರಿಷತ್ತಿನ ಕಚೇರಿ ಇರುವುದು ಪುಣೆಯಲ್ಲೇ. ಸಮರ್ಥ ರಾಮದಾಸರ ‘ಮನಾಚೆ ಶ್ಲೋಕ’ವನ್ನೂ ಭಗವದ್ಗೀತೆಯ ಅಧ್ಯಾಯವನ್ನೂ ಮಕ್ಕಳಿಂದ ಕಂಠಪಾಠ ಮಾಡಿಸುವ ಸಲಹೆ ಆ ಕರಡಿನಲ್ಲಿತ್ತು. ಮೌಲ್ಯಶಿಕ್ಷಣದ ಅಧ್ಯಾಯದಲ್ಲಿ ಮನುಸ್ಮೃತಿಯ ಶ್ಲೋಕವೊಂದನ್ನು ಬಳಸಿಕೊಳ್ಳಲಾಗಿತ್ತು. ಹಿರಿಯರಿಗೆ ನಮಸ್ಕರಿಸಿ ಸೇವೆ ಮಾಡುವವನಿಗೆ ಆಯುಸ್ಸು, ವಿದ್ಯೆ, ಯಶಸ್ಸು, ಬಲ ಹೆಚ್ಚುತ್ತವೆ ಎಂಬುದು ಅದರ ಅರ್ಥ. ವಿರೋಧ ಎದ್ದಿತು. ಮನುಸ್ಮೃತಿಗೆ ಪಠ್ಯದಲ್ಲಿ ಜಾಗವಿಲ್ಲವೆಂದು ಅಂದಿನ ಶಿಕ್ಷಣ ಸಚಿವರು ಸ್ಪಷ್ಟಪಡಿಸಿದರು. ಅದಕ್ಕೂ ಮೊದಲು, 2022ರ ಮಾರ್ಚಿನಲ್ಲಿ, ಗುಜರಾತ್ ಸರ್ಕಾರ ಆರರಿಂದ ಹನ್ನೆರಡನೇ ತರಗತಿಯವರೆಗೆ ಗೀತೆಯ ಪಾಠ ತರುವುದಾಗಿ ಸಾರಿದಾಗ ಕರ್ನಾಟಕದ ಅಂದಿನ ಶಿಕ್ಷಣ ಸಚಿವರೂ ನೈತಿಕ ಶಿಕ್ಷಣದ ಹೆಸರಿನಲ್ಲಿ ಅದೇ ಮಾತಾಡಿದ್ದರು. ಎರಡೂ ಕಡೆ ಗದ್ದಲವೆಲ್ಲ ನಡೆದದ್ದು ಯಾವ ಗ್ರಂಥ ಬೇಕು, ಯಾವುದು ಬೇಡ ಎಂಬುದರ ಸುತ್ತ. ಗ್ರಂಥವನ್ನು ಹೇಗೆ ಓದಿಸಬೇಕು ಎಂದು ಕೇಳಿದವರು ವಿರಳ. ನನ್ನ ತಕರಾರು ಇರುವುದು ಅಲ್ಲಿ.

ಶಾಸ್ತ್ರ ಒಂದೇ ದನಿಯಲ್ಲಿ ಮಾತಾಡುತ್ತದೆ ಎನ್ನುವವರು ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಕೆಲಸವನ್ನು ನೋಡಬೇಕು. 1917ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 1919ರಲ್ಲಿ ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಲು ತೊಡಗಿತು. 1925ರಲ್ಲಿ ಹೊಣೆ ಹೊತ್ತ ವಿಷ್ಣು ಸೀತಾರಾಮ ಸುಖಠಣಕರರು 1943ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ಮುಳುಗಿದ್ದರು. ಕೆಲಸ ಮುಗಿದದ್ದು 1966ರಲ್ಲಿ. 1,259 ಹಸ್ತಪ್ರತಿಗಳನ್ನು ಕೂಡಿಹಾಕಿ, ಒಂದೊಂದು ಪಾಠಭೇದವನ್ನೂ ಅಡಿಟಿಪ್ಪಣಿಯಲ್ಲಿ ದಾಖಲಿಸಿದ ಆ ಸಂಪುಟಗಳ ಯಾವ ಪುಟ ತೆರೆದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಈ ದೇಶದ ಒಂದೊಂದು ಸೀಮೆಯೂ ಮಹಾಭಾರತವನ್ನು ತನ್ನದೇ ರೀತಿಯಲ್ಲಿ ಕೇಳಿಸಿಕೊಂಡಿದೆ, ತನ್ನನ್ನು ಕಾಡಿದ್ದನ್ನು ಸೇರಿಸಿದೆ. ಅದನ್ನು ಕಾಪಾಡಿ ತಂದ ಲಿಪಿಕಾರರು ಯಾರೂ ಅದನ್ನು ಬೀಗ ಹಾಕಿದ ನಿಯಮಗಳ ಪುಸ್ತಕವೆಂದು ಭಾವಿಸಿರಲಿಲ್ಲ.

ಅದೇ ಪರಿಷ್ಕರಣದಲ್ಲಿ ಸಭಾಪರ್ವದ ಒಂದು ಸಂಗತಿ ನನ್ನ ವಾದಕ್ಕೆ ಬಹಳ ಮುಖ್ಯ. ದ್ರೌಪದಿ ಕೃಷ್ಣನಿಗೆ ಮೊರೆಯಿಡುವ, ಅವನು ಸೀರೆ ಕೊಟ್ಟು ಕಾಯುವ ಭಾಗ ಅತಿ ಹಳೆಯ ಪಾಠಕ್ಕೆ ಸೇರಿದ್ದಲ್ಲವೆಂದು ಸಂಪಾದಕರು ಅದನ್ನು ಟಿಪ್ಪಣಿಗೆ ಇಳಿಸಿದರು. ಭಕ್ತರಿಗೆ ಆ ಸನ್ನಿವೇಶ ಪ್ರಿಯ. ಕುಮಾರವ್ಯಾಸನ ಓದುಗರಾದ ನಮಗಂತೂ ಪ್ರಾಣ. ಅದನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಅದು ಪಕ್ಕಕ್ಕೆ ಸರಿದಾಗ ಸಭೆಯ ನಡುವೆ ಉಳಿಯುವುದು ಏನು? ಒಬ್ಬ ಹೆಣ್ಣುಮಗಳ ಪ್ರಶ್ನೆ. ಯುಧಿಷ್ಠಿರ ಮೊದಲು ತನ್ನನ್ನು ಸೋತನೋ, ನನ್ನನ್ನೋ? ತನ್ನನ್ನೇ ಸೋತು ದಾಸನಾದವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಆ ಸಭೆಯಲ್ಲಿ ಶಾಸ್ತ್ರ ಬಲ್ಲವರಿಗೆ ಕೊರತೆ ಇರಲಿಲ್ಲ. ಭೀಷ್ಮನೇ ಇದ್ದ. ಧರ್ಮ ಸೂಕ್ಷ್ಮವಾದದ್ದು, ನನ್ನಿಂದ ನಿರ್ಣಯಿಸಲಾಗದು ಎಂದು ಅವನು ಕೈಚೆಲ್ಲಿದ. ಅವಳನ್ನು ಗೆದ್ದಂತಾಗಿಲ್ಲ ಎಂದು ನೇರವಾಗಿ ಹೇಳಿದವನು ಕೌರವರಲ್ಲೇ ಒಬ್ಬನಾದ, ದುರ್ಯೋಧನನ ತಮ್ಮ ವಿಕರ್ಣ. ಹಿರಿಯರಿಗೆ ನಮಿಸುವುದೇ ನೀತಿಯ ಮೊದಲ ಪಾಠ ಎಂದು ಕಲಿಸಲು ಹೊರಟವರು ಈ ಸಭೆಯನ್ನು ಮಕ್ಕಳಿಗೆ ಹೇಗೆ ವಿವರಿಸುತ್ತಾರೆ? ಅಲ್ಲಿ ಹಿರಿಯರೆಲ್ಲ ಸೋತರು, ಕಿರಿಯನೊಬ್ಬ ಗೆದ್ದ. ವ್ಯಾಸರು ಅದನ್ನು ಅಡಗಿಸಿಡಲಿಲ್ಲ.

ಇದು ಒಂದೆಡೆ ಸಿಕ್ಕ ಅಪವಾದವಲ್ಲ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ತಾಯಿ, ತಂದೆ, ಆಚಾರ್ಯ, ಅತಿಥಿಗಳನ್ನು ದೇವರಂತೆ ಕಾಣು ಎನ್ನುತ್ತಾನೆ. ಇಷ್ಟನ್ನು ಎಲ್ಲ ಶಾಲೆಗಳ ಗೋಡೆಯ ಮೇಲೂ ಬರೆಸುತ್ತೇವೆ. ಅದರ ಬೆನ್ನಿಗೇ ಬರುವ ಮಾತನ್ನು ಬರೆಸುವುದಿಲ್ಲ. ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿದೆಯೋ ಅದನ್ನು ಮಾತ್ರ ಅನುಸರಿಸು, ಉಳಿದದ್ದು ಬೇಡ ಎಂದು ಗುರು ತನ್ನ ಬಗ್ಗೆಯೇ ಎಚ್ಚರಿಸುತ್ತಾನೆ. ಏನು ಮಾಡಬೇಕೆಂದು ಸಂಶಯ ಬಂದರೆ ವಿಚಾರವಂತರೂ ಕಠಿಣರಲ್ಲದವರೂ ಆದವರು ಹೇಗೆ ನಡೆಯುತ್ತಾರೋ ನೋಡಿ ನಡೆ ಎನ್ನುತ್ತಾನೆ. ಗುರುವಿನಲ್ಲೂ ಆಯ್ದು ತೆಗೆದುಕೋ ಎಂದು ಗುರುವೇ ಹೇಳುವ ಪರಂಪರೆ ಇದು. ಗೀತೆಯ ಕೊನೆಯ ಅಧ್ಯಾಯದಲ್ಲಿ ಕೃಷ್ಣ ಎಲ್ಲವನ್ನೂ ಹೇಳಿ ಮುಗಿಸಿ, ಇದನ್ನು ಪೂರ್ತಿಯಾಗಿ ವಿಮರ್ಶಿಸಿ ಬಳಿಕ ನಿನಗೆ ಸರಿತೋರಿದಂತೆ ಮಾಡು ಎಂದು ಅರ್ಜುನನಿಗೆ ಬಿಡುತ್ತಾನೆ. ದೇವರೆಂದು ನಾವು ಪೂಜಿಸುವವನೇ ವಿಮರ್ಶೆಗೆ ಅವಕಾಶ ಕೊಟ್ಟಿರುವಾಗ ತರಗತಿಯಲ್ಲಿ ಅದನ್ನು ಕಸಿದುಕೊಳ್ಳುವ ಅಧಿಕಾರ ಯಾವ ಮಂಡಳಿಗಿದೆ?

ಧರ್ಮಶಾಸ್ತ್ರಗಳಲ್ಲೂ ಇದಕ್ಕೆ ಆಧಾರವಿದೆ. ವೇದ, ಸ್ಮೃತಿ, ಸಜ್ಜನರ ಆಚಾರಗಳ ಜೊತೆಗೆ ತನ್ನ ಮನಸ್ಸಾಕ್ಷಿಗೆ ಸಮ್ಮತವಾಗುವುದನ್ನೂ ಮನು ಧರ್ಮದ ಮೂಲಗಳಲ್ಲಿ ಎಣಿಸುತ್ತಾನೆ. ಶಾಸ್ತ್ರಸಮ್ಮತವಾಗಿದ್ದರೂ ಲೋಕ ಹೇಸುವಂಥದ್ದನ್ನು ಆಚರಿಸಬಾರದು ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಕರ್ಣಪರ್ವದಲ್ಲಿ ಕೃಷ್ಣ ಹೇಳುವ ಕೌಶಿಕನ ಕಥೆಯಂತೂ ಬಾಯಿಪಾಠದ ನೀತಿಗೆ ನೇರ ಉತ್ತರ. ಸದಾ ಸತ್ಯವನ್ನೇ ನುಡಿಯುವ ವ್ರತ ಹಿಡಿದ ಕೌಶಿಕ, ಪ್ರಾಣಭಯದಿಂದ ಅಡಗಿದ್ದವರ ಜಾಗವನ್ನು ದರೋಡೆಕೋರರಿಗೆ ತೋರಿಸಿಕೊಟ್ಟ. ಅಡಗಿದ್ದವರು ಸತ್ತರು, ಕೌಶಿಕ ನರಕಕ್ಕೆ ಹೋದ. ತನ್ನ ಪ್ರತಿಜ್ಞೆಗೆ ಕಟ್ಟುಬಿದ್ದು ಅಣ್ಣನ ಮೇಲೆಯೇ ಕತ್ತಿ ಎತ್ತಿದ ಅರ್ಜುನನನ್ನು ತಡೆಯಲು ಕೃಷ್ಣ ಈ ಕಥೆ ಹೇಳುತ್ತಾನೆ. ಸತ್ಯದಂಥ ದೊಡ್ಡ ಮೌಲ್ಯವನ್ನೂ ವಿವೇಕವಿಲ್ಲದೆ ಪಾಲಿಸಿದರೆ ಪಾಪವಾಗುತ್ತದೆ ಎಂಬುದು ಅದರ ತಾತ್ಪರ್ಯ.

ಗೀತೆಗಾದರೂ ಒಂದೇ ಅರ್ಥ ಇದೆಯೇ? ಶಂಕರ, ರಾಮಾನುಜ, ಮಧ್ವರು ಅದರಲ್ಲಿ ಮೂರು ಬಗೆಯ ಸಿದ್ಧಾಂತ ಕಂಡರು. ಬಾಲಗಂಗಾಧರ ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಕೂತು ‘ಗೀತಾರಹಸ್ಯ’ ಬರೆದರು. 1915ರಲ್ಲಿ ಅದು ಪ್ರಕಟವಾಯಿತು. ಸಂನ್ಯಾಸವೇ ಗೀತೆಯ ಸಾರವೆಂದ ಹಳೆಯ ಭಾಷ್ಯಗಳನ್ನು ಅವರು ಎದುರುಹಾಕಿಕೊಂಡು ಕರ್ಮಯೋಗವೇ ಸಾರವೆಂದು ವಾದಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ತಿಲಕರ ಭಕ್ತರು ಇಂದು ಗೀತೆಯನ್ನು ಪ್ರಶ್ನಿಸಬಾರದ ಪಾಠವಾಗಿಸಲು ಹೊರಟರೆ ಅದು ತಿಲಕರ ಕೆಲಸವನ್ನೇ ಅಳಿಸಿದಂತೆ.

ಈಗ ಎರಡನೆಯ ನಂಬಿಕೆಗೆ ಬರೋಣ. ಕಂಠಪಾಠದಿಂದ ನಡತೆ ಬರುತ್ತದೆಯೇ? ಪುಣೆಯ ಇತಿಹಾಸ ಇಲ್ಲವೆನ್ನುತ್ತದೆ. ದೇಶದಲ್ಲಿ ಶಾಸ್ತ್ರ ಬಲ್ಲವರು ಹೆಚ್ಚು ಸೇರಿದ್ದ ಊರುಗಳಲ್ಲಿ ಇದೊಂದು. 1870ರಲ್ಲಿ ಇಲ್ಲಿ ಶಂಕರಾಚಾರ್ಯರ ಸಮ್ಮುಖದಲ್ಲಿ ವಿಧವಾವಿವಾಹ ಶಾಸ್ತ್ರಸಮ್ಮತವೇ ಎಂಬ ವಾದ ನಡೆಯಿತು. ವಿಷ್ಣುಶಾಸ್ತ್ರಿ ಪಂಡಿತರು ಸುಧಾರಕರ ಪರ ನಿಂತರು. ಪರಾಶರ ಸ್ಮೃತಿ ಐದು ಆಪತ್ತುಗಳಲ್ಲಿ ಹೆಣ್ಣಿಗೆ ಇನ್ನೊಬ್ಬ ಗಂಡನನ್ನು ಅನುಮತಿಸುತ್ತದೆ. ಗಂಡ ಸತ್ತದ್ದೂ ಅವುಗಳಲ್ಲಿ ಒಂದು. ಬಂಗಾಳದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಅದನ್ನೇ ಆಧಾರವಾಗಿ ಹಿಡಿದಿದ್ದರು, 1856ರಲ್ಲಿ ಕಾನೂನೂ ಬಂದಿತ್ತು. ಆದರೆ ಆ ವಚನ ಬೇರೆ ಯುಗಕ್ಕೆ ಸೇರಿದ್ದೆಂದು ನಮ್ಮ ವಿಜಯನಗರದ ಮಾಧವಾಚಾರ್ಯರು 14ನೇ ಶತಮಾನದಲ್ಲೇ ಭಾಷ್ಯ ಬರೆದಿಟ್ಟಿದ್ದರು. ಗ್ರಂಥದಲ್ಲಿ ದಾರಿ ಇತ್ತು. ಭಾಷ್ಯ ಅದನ್ನು ಮುಚ್ಚಿತ್ತು. ಪುಣೆಯ ಸಭೆಯ ತೀರ್ಪು ಸುಧಾರಕರ ವಿರುದ್ಧ ಹೋಯಿತು. ತೀರ್ಪು ಕೊಟ್ಟವರಿಗೆ ಶ್ಲೋಕ ಬಾರದೆ ಇರಲಿಲ್ಲ. ತಲೆ ಬೋಳಿಸಿಕೊಂಡು ಕತ್ತಲ ಕೋಣೆಯಲ್ಲಿ ಕೂತ ಹೆಣ್ಣುಮಕ್ಕಳ ಮೇಲೆ ಕರುಣೆ ಬರಲಿಲ್ಲ.

1891ರಲ್ಲಿ ಇನ್ನೊಂದು ಪರೀಕ್ಷೆ ಬಂತು. ಕಲ್ಕತ್ತೆಯಲ್ಲಿ ಫೂಲಮಣಿ ಎಂಬ ಪುಟ್ಟ ಹುಡುಗಿ ಗಂಡನ ಸಂಗದಿಂದ ಸತ್ತ ಬಳಿಕ, ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಮಸೂದೆ ಬಂದಿತ್ತು. ಗರ್ಭಾಧಾನ ಸಂಸ್ಕಾರಕ್ಕೆ ಅಡ್ಡಿಯಾಗುತ್ತದೆಂದು, ಪರಕೀಯ ಸರ್ಕಾರಕ್ಕೆ ನಮ್ಮ ಧರ್ಮದಲ್ಲಿ ಕೈಹಾಕುವ ಹಕ್ಕಿಲ್ಲವೆಂದು ತಿಲಕರು ವಿರೋಧಿಸಿದರು. ರಾಮಕೃಷ್ಣ ಗೋಪಾಲ ಭಾಂಡಾರಕರರು ಅದೇ ಶಾಸ್ತ್ರಗಳನ್ನು ಬಿಡಿಸಿಟ್ಟು ಅಂಥ ಕಟ್ಟಳೆ ಅನಿವಾರ್ಯವಲ್ಲವೆಂದು ತೋರಿಸಿದರು. ಇಬ್ಬರೂ ಘನ ವಿದ್ವಾಂಸರು, ಒಂದೇ ಊರಿನವರು, ಒಂದೇ ಗ್ರಂಥಗಳು ಇಬ್ಬರ ಮುಂದಿದ್ದವು. ಅವರನ್ನು ಬೇರೆ ಮಾಡಿದ್ದು ಯಾವುದು? ಓದುವಾಗ ಮುಂದಿಟ್ಟುಕೊಂಡ ಪ್ರಶ್ನೆ. ಆ ಮಗುವಿನ ನೋವು ಪ್ರಶ್ನೆಯೊಳಗೆ ಇತ್ತೋ ಇಲ್ಲವೋ ಎಂಬುದೇ ನೀತಿಯನ್ನು ನಿರ್ಣಯಿಸಿತು.

ಈ ಮಾತಿಗೆ ಪಂಡಿತಾ ರಮಾಬಾಯಿಯವರ ಬದುಕಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಅವರು ನಮ್ಮ ನಾಡಿನ ಮಗಳು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಇಂದಿನ ಕಾರ್ಕಳ ತಾಲೂಕಿನ ಮಾಳದವರು. ಓದಲೆಂದು ಪುಣೆಗೆ ಬಂದಿದ್ದಾಗ ಪೇಶ್ವೆಯ ಅರಮನೆಯಲ್ಲಿ ರಾಣಿ ಸಂಸ್ಕೃತ ಕಲಿಯುತ್ತಿರುವುದನ್ನು ಕಂಡು, ನನ್ನ ಹೆಂಡತಿಗೂ ಯಾಕೆ ಕಲಿಸಬಾರದು ಎಂದುಕೊಂಡರು. ಊರಿಗೆ ಮರಳಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದ್ದಕ್ಕೆ ಉಡುಪಿಯ ಪಂಡಿತರ ಸಭೆಯ ಮುಂದೆ ನಿಲ್ಲಬೇಕಾಯಿತು. ಶಾಸ್ತ್ರಗಳಿಂದಲೇ ಆಧಾರ ಎತ್ತಿ ತೋರಿಸಿ, ಹೆಣ್ಣು ಸಂಸ್ಕೃತ ಕಲಿಯಬಹುದೆಂದು ಅವರು ಸಮರ್ಥಿಸಿಕೊಂಡರು. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ತಾಯಿಯ ಬಾಯಿಂದ ಕಲಿತ ಆ ಹುಡುಗಿಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕ ಕಂಠಸ್ಥವಾಗಿದ್ದವು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು, ‘ಸ್ತ್ರೀಧರ್ಮನೀತಿ’ ಪ್ರಕಟಿಸಿದರು.

ಕಂಠಪಾಠವೇ ಸಂಸ್ಕಾರವೆನ್ನುವವರ ಲೆಕ್ಕದಲ್ಲಿ ರಮಾಬಾಯಿಯವರಿಗಿಂತ ಸಂಸ್ಕಾರವಂತರು ಇರಲಾರರು. ಆದರೆ ಅವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಗ್ರಂಥಗಳು ಬೇರೆಲ್ಲ ವಿಷಯಗಳಲ್ಲಿ ಜಗಳವಾಡಿದರೂ ಹೆಣ್ಣು ಕೀಳೆಂಬ ವಿಷಯದಲ್ಲಿ ಒಂದಾಗುತ್ತವೆ ಎಂಬ ನೋವನ್ನು ಅವರು ಮುಂದೆ ತಮ್ಮ ಆತ್ಮಕಥನದಲ್ಲಿ ತೋಡಿಕೊಂಡರು. ಅವರನ್ನು ದೂರಲು ಪುಣೆ ಹಿಂಜರಿಯಲಿಲ್ಲ. ಆದರೆ ಬಾಲವಿಧವೆಯರಿಗೆ ಆಸರೆ ಕೊಟ್ಟ ಅವರ ಶಾರದಾ ಸದನ 1890ರಲ್ಲಿ ಮುಂಬಯಿಯಿಂದ ಪುಣೆಗೆ ಬಂತು. ಅಲ್ಲಿ ಓದಿದ ಗೋದೂಬಾಯಿ ಎಂಬ ವಿಧವೆಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದರು. ಕರ್ವೆಯವರಿಗೆ ಸ್ವಂತ ಊರಾದ ಮುರುಡ ಬಹಿಷ್ಕಾರ ಹಾಕಿತು. ಅವರು 1896ರಲ್ಲಿ ವಿಧವೆಯರ ಆಶ್ರಮ ತೆರೆದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ಅನಾಥರನ್ನು ಪೊರೆ ಎಂಬ ಶಾಸ್ತ್ರದ ಮಾತನ್ನು ಬದುಕಿ ತೋರಿಸಿದವರು ಧರ್ಮ ಬಿಟ್ಟವಳೆನಿಸಿಕೊಂಡ ರಮಾಬಾಯಿ ಮತ್ತು ಜಾತಿಯಿಂದ ಹೊರಬಿದ್ದ ಕರ್ವೆ. ಅದನ್ನು ದಿನವೂ ಪಠಿಸುತ್ತಿದ್ದವರು ಬಾಗಿಲು ಹಾಕಿಕೊಂಡು ಒಳಗಿದ್ದರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಮನುಸ್ಮೃತಿಯಲ್ಲಿ ಹಿರಿಯರ ಗೌರವದ ಮಾತು ಒಳ್ಳೆಯದೇ ಅಲ್ಲವೇ, ಒಳ್ಳೆಯದನ್ನು ಆರಿಸಿಕೊಂಡರೆ ತಪ್ಪೇನು? ಆರಿಸಿಕೊಳ್ಳುವುದು ತಪ್ಪಲ್ಲ. ಆರಿಸಿದ್ದೇವೆ ಎಂಬುದನ್ನು ಮಕ್ಕಳಿಂದ ಮುಚ್ಚಿಡುವುದು ತಪ್ಪು. ಅದೇ ಗ್ರಂಥ ಹೆಣ್ಣು ತಂದೆ, ಗಂಡ, ಮಗನ ಅಧೀನದಲ್ಲೇ ಇರಬೇಕು ಎನ್ನುತ್ತದೆ. ದ್ವಿಜನನ್ನು ಬೈದ ಶೂದ್ರನ ನಾಲಿಗೆ ಕತ್ತರಿಸಬೇಕು ಎನ್ನುತ್ತದೆ. ಡಾ. ಅಂಬೇಡ್ಕರ್ ಅವರ ನೇತೃತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅದನ್ನು ಸುಟ್ಟದ್ದು ಅದರ ಪುಟಗಳನ್ನು ಚೆನ್ನಾಗಿ ಬಲ್ಲ ಕಾರಣಕ್ಕೆ. ತರಗತಿಯಲ್ಲಿ ಕೂತ ದಲಿತ ಹುಡುಗಿಗೆ ಒಂದು ಶ್ಲೋಕವನ್ನು ತೋರಿಸಿ ಪುಸ್ತಕ ಮುಚ್ಚಿಬಿಟ್ಟರೆ, ಉಳಿದದ್ದನ್ನು ಅವಳು ನಾಳೆ ತಾನೇ ಓದುತ್ತಾಳೆ. ಆಗ ತನಗೆ ಸುಳ್ಳು ಹೇಳಿದ ಶಾಲೆಯನ್ನೂ ಅದು ಕಲಿಸಿದ ಮೌಲ್ಯವನ್ನೂ ಒಟ್ಟಿಗೆ ತಿರಸ್ಕರಿಸುತ್ತಾಳೆ. ಅದರ ಹೊಣೆ ನಮ್ಮದು.

ಇನ್ನೊಂದು ಆಕ್ಷೇಪ: ಚಿಕ್ಕ ಮಕ್ಕಳಿಗೆ ಪ್ರಶ್ನೆ ಯಾಕೆ? ಮೊದಲು ಬಾಯಿಪಾಠ ಆಗಲಿ, ಅರ್ಥ ಆಮೇಲೆ ತಿಳಿಯುತ್ತದೆ. ನೆನಪಿನ ಬಲದ ಬಗ್ಗೆ ನನಗೆ ಗೌರವವಿದೆ. ಪದಪಾಠ, ಘನಪಾಠಗಳ ಮೂಲಕ ಒಂದು ಸ್ವರವೂ ಕೆಡದಂತೆ ವೇದವನ್ನು ಉಳಿಸಿದವರ ಸಾಧನೆ ಜಗತ್ತಿನಲ್ಲೇ ಅಪರೂಪದ್ದು. ಆದರೆ ಅರ್ಥ ತಿಳಿಯದೆ ವೇದ ಓದಿದವನು ಬರಿಯ ಭಾರ ಹೊತ್ತ ಕಂಬದಂತೆ ಎಂದು ಹೇಳಿದ್ದು ಆ ಪರಂಪರೆಯ ಯಾಸ್ಕರೇ. ಮಕ್ಕಳಿಗೆ ಪ್ರಶ್ನೆ ಕೇಳಲು ಬರುವುದಿಲ್ಲ ಎನ್ನುವವರು ಕಠೋಪನಿಷತ್ತಿನ ನಚಿಕೇತನನ್ನು ನೆನೆಯಲಿ. ಹಾಲು ಬತ್ತಿದ ಮುದಿ ಹಸುಗಳನ್ನು ದಾನವೆಂದು ಕೊಡುತ್ತಿದ್ದ ತಂದೆಯನ್ನು ತಡೆದು, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಮೂರು ಸಲ ಕೇಳಿದವನು ಒಬ್ಬ ಬಾಲಕ. ಅವನು ಕೇಳದಿದ್ದರೆ ಆ ಉಪನಿಷತ್ತು ಹುಟ್ಟುತ್ತಲೇ ಇರಲಿಲ್ಲ.

ಮೂರನೆಯ ಆಕ್ಷೇಪ ಇನ್ನೊಂದು ಕಡೆಯಿಂದ ಬರುತ್ತದೆ. ಇಷ್ಟೆಲ್ಲ ಅನ್ಯಾಯ ಇರುವ ಗ್ರಂಥಗಳನ್ನು ಶಾಲೆಯಿಂದ ಪೂರ್ತಿ ಹೊರಗಿಟ್ಟರೆ ಸಾಕಲ್ಲ ಎನ್ನುವವರಿದ್ದಾರೆ. ಅವರಿಗೂ ನನ್ನ ಉತ್ತರ ಇಲ್ಲವೆಂದೇ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜ್ಯೋತಿರಾವ್ ಫುಲೆ, ಸಾವಿತ್ರಿಬಾಯಿ ಫುಲೆ ದಂಪತಿ ಪುರಾಣಗಳನ್ನು ನಿರ್ಲಕ್ಷಿಸಲಿಲ್ಲ. ಜ್ಯೋತಿರಾಯರು 1873ರ ‘ಗುಲಾಮಗಿರಿ’ಯಲ್ಲಿ ಅವತಾರ ಕಥೆಗಳನ್ನು ಒಂದೊಂದಾಗಿ ಎದುರಿಗಿಟ್ಟು ವಿಚಾರಣೆ ಮಾಡಿದರು. ಪತಿವ್ರತಾಧರ್ಮ ಹೆಣ್ಣಿಗೆ ಮಾತ್ರ ಯಾಕೆ, ಗಂಡಸಿಗೆ ಯಾಕಿಲ್ಲ ಎಂದು ಕೇಳಿದ ತಾರಾಬಾಯಿ ಶಿಂದೆಯವರ ‘ಸ್ತ್ರೀಪುರುಷ ತುಲನಾ’ 1882ರಲ್ಲಿ ಅಚ್ಚಾದದ್ದೂ ಪುಣೆಯಲ್ಲೇ. ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆ ‘ಯುಗಾಂತ’ದಲ್ಲಿ ಖಾಂಡವವನದ ದಹನವನ್ನು ಕ್ರೌರ್ಯವೆಂದೇ ಹೆಸರಿಸಿದರು, ಆ ಪುಸ್ತಕಕ್ಕೆ 1968ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗ್ರಂಥಗಳನ್ನು ಬಚ್ಚಿಟ್ಟರೆ ಅವು ಪ್ರಶ್ನಿಸದವರ ಕೈಗೇ ಉಳಿದುಹೋಗುತ್ತವೆ. ಫುಲೆ, ತಾರಾಬಾಯಿ, ಇರಾವತಿಯವರು ಹಾಗಾಗಲು ಬಿಡಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಪುಣೆಯಲ್ಲಿ ಕನ್ನಡ ಶಾಲೆಯಿದೆ, ಕನ್ನಡಿಗರ ಸಂಘಗಳಿವೆ, ವಾರಾಂತ್ಯದ ಸಂಸ್ಕಾರ ತರಗತಿಗಳಿವೆ. ಅಲ್ಲಿ ಶ್ಲೋಕ ಒಪ್ಪಿಸುವ ಸ್ಪರ್ಧೆಗೆ ಬಹುಮಾನ ಕೊಡುವಷ್ಟೇ ಹುರುಪಿನಿಂದ ದ್ರೌಪದಿಯ ಪ್ರಶ್ನೆಗೆ ಉತ್ತರ ಹೇಳುವ ಸಭೆ ನಡೆಸಿ. ಗಮಕಿಗಳನ್ನು ಕರೆಸಿ ಕುಮಾರವ್ಯಾಸನ ಸಭಾಪರ್ವ ಹಾಡಿಸಿ, ಹಾಡು ಮುಗಿದ ಮೇಲೆ ಮಕ್ಕಳನ್ನು ಕೇಳಿ: ನೀನು ವಿಕರ್ಣನಾಗಿದ್ದರೆ ಏನು ಹೇಳುತ್ತಿದ್ದೆ? ಭೀಷ್ಮ ಸುಮ್ಮನಿದ್ದದ್ದು ಸರಿಯೇ? ಕೌಶಿಕನ ಜಾಗದಲ್ಲಿ ನಿನ್ನನ್ನು ದರೋಡೆಕೋರರು ಕೇಳಿದ್ದರೆ? ಗೀತೆ ಓದಿಸುವುದಾದರೆ ಅರ್ಜುನನ ಸಂಶಯಗಳ ಮೊದಲ ಅಧ್ಯಾಯದಿಂದಲೇ ಓದಿಸಿ. ಗಂಗಾಮೂಲದ ರಮಾಬಾಯಿಯ ಕಥೆಯನ್ನು, ಅವರು ಯಾಕೆ ಹೊರಟುಹೋದರು ಎಂಬುದನ್ನೂ ಸೇರಿಸಿ, ಅಳುಕದೆ ಹೇಳಿ. ಮಗು ನಿಮ್ಮನ್ನೇ ಪ್ರಶ್ನಿಸಿದರೆ, ಅಪ್ಪ ನೀವು ಅಡಿಗೆಯವಳಿಗೆ ಬೇರೆ ಲೋಟ ಯಾಕೆ ಇಟ್ಟಿದ್ದೀರಿ ಎಂದು ಕೇಳಿದರೆ, ಗದರಬೇಡಿ. ಶಿಕ್ಷಾವಲ್ಲಿಯ ಗುರು ಶಿಷ್ಯನಿಗೆ ಕೊಟ್ಟ ಹಕ್ಕನ್ನು ಅದು ಬಳಸುತ್ತಿದೆ.

ಪಠ್ಯಕ್ರಮ ರೂಪಿಸುವವರಿಗೂ ಇದೇ ಮಾತು. ಶಾಸ್ತ್ರವನ್ನು ಶಾಲೆಗೆ ತರುವುದಾದರೆ ಅದರ ವಾದವನ್ನೂ ತನ್ನಿ, ಅದಾಗದಿದ್ದರೆ ಅದರ ಹೆಸರನ್ನೂ ಎತ್ತಬೇಡಿ. ವಿಚಾರ ಮಾಡಲು ಕಲಿಯದ ಮಗು ಎಷ್ಟು ಶ್ಲೋಕ ಒಪ್ಪಿಸಿದರೂ ನಮ್ಮ ಗ್ರಂಥಗಳ ನೀತಿಯನ್ನು ಕಲಿತಿಲ್ಲ.